ಹಂಡೆಯ ತಳದ ಸುಣ್ಣ

ಕಂದಿಕೆರೆ ಕಡೆ ಹೊಸ ಮನೆ ಕಟ್ಟುವವರು ಬಚ್ಚಲು ಮನೆಯ ಮಾತು ಬಂದಾಗ ಸಾಮಾನ್ಯವಾಗಿ ವಿಚಾರಿಸುವುದು ಯಾವ ಕಂಪನಿಯ ಗೀಸರ್ ಒಳ್ಳೆಯದು, ಎಷ್ಟು ಲೀಟರಿನ ಸೋಲಾರ್ ಸಾಕು ಎಂದು. ಅದಕ್ಕೂ ಮೊದಲು ವಿಚಾರಿಸಬೇಕಾದದ್ದು ಬೋರ್‌ವೆಲ್ ನೀರನ್ನು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ತೆಂಗಿನ ಸೀಮೆಯಲ್ಲಿ ಬಿಸಿನೀರಿನ ಸಾಮಾನು ಬೇಗ ಕೆಟ್ಟರೆ ಕಂಪನಿಯನ್ನು ಬೈಯುವುದು ವಾಡಿಕೆ. ಬಹಳ ಸಲ ಅದನ್ನು ಕೆಡಿಸುವುದು ಒಳಗೆ ಹರಿಯುವ ನೀರು.

ಚಿತ್ರದುರ್ಗದ ಕಡೆಯಿಂದ ದಕ್ಷಿಣಕ್ಕೆ ಇಳಿದು ಬರುವ ಬಹು ಪ್ರಾಚೀನ ಶಿಲಾಪಟ್ಟಿಯೊಂದು ಚಿಕ್ಕನಾಯಕನಹಳ್ಳಿ ತಾಲ್ಲೂಕನ್ನು ಹಾದುಹೋಗುತ್ತದೆ. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಜೊತೆಗೆ ಸುಣ್ಣಕಲ್ಲೂ ಇದೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ನೆಲೆಯೂರಿದ್ದು ಈ ಸೀಮೆಯ ಸುಣ್ಣಕಲ್ಲನ್ನು ನಂಬಿಯೇ. ಮಳೆನೀರು ಮಣ್ಣಿಗೆ ಇಳಿಯುವಾಗ ಬೇರುಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ. ಅಂಥ ನೀರು ಬಂಡೆಯ ಸಂದುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ಬೋರ್ ಆಳಕ್ಕೆ ಹೋದಷ್ಟೂ ನೀರು ಕಲ್ಲಿನೊಡನೆ ಇದ್ದ ಕಾಲ ಸಾಮಾನ್ಯವಾಗಿ ಹೆಚ್ಚು, ಹೀಗಾಗಿ ಗಡಸುತನವೂ ಹೆಚ್ಚುವುದುಂಟು. ಕೆರೆಯ ನೀರು, ಹೇಮಾವತಿ ನಾಲೆಯ ನೀರು ಅದಕ್ಕೆ ಹೋಲಿಸಿದರೆ ಮೆದು.

ತಣ್ಣಗಿರುವಾಗ ಈ ಸುಣ್ಣ ಕಣ್ಣಿಗೆ ಬೀಳುವುದಿಲ್ಲ. ಕಾಯಿಸಿದಾಗ ಬೈಕಾರ್ಬೊನೇಟ್ ಒಡೆಯುತ್ತದೆ, ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಉಳಿದ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗಿರಲಾರದೆ ಬಿಸಿಯಾದ ಗೋಡೆಗೇ ಹತ್ತಿಕೊಳ್ಳುತ್ತದೆ. ಹಂಡೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಕ್ಕಳೆ ಇದೇ. ನೀರು ಬಿಸಿಯಾದಷ್ಟೂ ಇದು ಚುರುಕು. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇನ್ನೂ ಜೋರು.

ಎಷ್ಟು ಸುಣ್ಣ ಎಂದು ಒಂದು ಲೆಕ್ಕ ಹಾಕಿ ನೋಡಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ನಿಮ್ಮ ಬೋರ್ ನೀರಿನಲ್ಲಿ 600 ಇದೆ ಎನ್ನಿ. ದಿನಕ್ಕೆ 50 ಲೀಟರ್ ಕಾಯಿಸಿದರೂ ವರ್ಷಕ್ಕೆ 18 ಸಾವಿರ ಲೀಟರ್ ದಾಟುತ್ತದೆ, ಅದರೊಡನೆ ಸುಮಾರು 11 ಕಿಲೋ ಸುಣ್ಣ ಗೀಸರನ್ನು ಹಾದುಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಒಳಗೆ ಉಳಿದರೂ ಒಂದು ಕಿಲೋಗಿಂತ ಹೆಚ್ಚಾಯಿತು.

ಈ ಪದರ ಮಾಡುವ ಹಾನಿ ಒಂದೊಂದು ಉಪಕರಣದಲ್ಲಿ ಒಂದೊಂದು ಥರ. ತಾಮ್ರಕ್ಕೆ ಹೋಲಿಸಿದರೆ ಸುಣ್ಣದ ಹಕ್ಕಳೆ ಶಾಖವನ್ನು ನೂರಾರು ಪಟ್ಟು ಕಡಿಮೆ ಸಾಗಿಸುತ್ತದೆ. ಹಂಡೆಯ ತಳದಲ್ಲಿ ಅದು ಕಟ್ಟಿದರೆ ಬೆಂಕಿಯ ಕಾವು ನೀರಿಗೆ ಇಳಿಯುವುದು ನಿಧಾನವಾಗಿ, ಹೆಚ್ಚು ಪಾಲು ಹೊಗೆಯ ಜೊತೆ ಹೋಗುತ್ತದೆ. ಸೌದೆ ಹೆಚ್ಚು ಬೇಕಾಗುತ್ತದೆ. ಕರೆಂಟಿನ ಗೀಸರಿನಲ್ಲಿ ಕಥೆ ಬೇರೆ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಶಾಖ ತಡವಾಗಿಯಾದರೂ ನೀರಿಗೇ ಸೇರಬೇಕು. ಹಾಗಾಗಿ ಬಿಲ್ಲು ಅಷ್ಟೇನೂ ಏರುವುದಿಲ್ಲ. ಆದರೆ ಸುಣ್ಣದ ಕವಚದೊಳಗೆ ಕಾಯಿಲ್ ತಾನೇ ಮಿತಿಮೀರಿ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಗಡಸು ನೀರಿನ ಮನೆಯಲ್ಲಿ ಥರ್ಮೋಸ್ಟಾಟನ್ನು 50 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಕಾಯಿಲ್ ಆಯುಸ್ಸು ಹೆಚ್ಚುತ್ತದೆ, ಮಕ್ಕಳ ಮೈ ಸುಡುವ ಭಯವೂ ತಗ್ಗುತ್ತದೆ. ಬಹುಪಾಲು ಗೀಸರುಗಳ ಒಳಗೆ ಮೆಗ್ನೀಸಿಯಂ ಸರಳೊಂದು ಇರುತ್ತದೆ. ತೊಟ್ಟಿಯ ಉಕ್ಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ಸುಣ್ಣ ತೆಗೆಸುವಾಗ ಆ ಸರಳು ಎಷ್ಟು ಉಳಿದಿದೆ ಎಂದು ನೋಡಿಸಿ, ಸವೆದಿದ್ದರೆ ಬದಲಿಸಲು ಹೇಳಿ. ಕೇಳದಿದ್ದರೆ ಮೆಕ್ಯಾನಿಕ್ ತಾನಾಗಿ ಅದರ ಗೊಡವೆಗೆ ಹೋಗುವುದು ಕಡಿಮೆ.

ಸೋಲಾರಿನಲ್ಲಿ ಎರಡು ಬಗೆ. ಗಾಜಿನಡಿ ಕಪ್ಪು ಹಲಗೆ, ಅದಕ್ಕೆ ಬೆಸೆದ ಸಣ್ಣ ತಾಮ್ರದ ಕೊಳವೆಗಳು ಇರುವುದು ಒಂದು. ಗಡಸು ನೀರು ಈ ಕೊಳವೆಗಳನ್ನು ರಕ್ತನಾಳ ಕಟ್ಟಿದಂತೆ ಕಟ್ಟುತ್ತದೆ, ಒಳಗೆ ಕೈಯಾಡಿಸಿ ತೆಗೆಯಲು ಆಗುವುದಿಲ್ಲ. ಎರಡು ಪದರದ ಗಾಜಿನ ಉದ್ದ ಕೊಳವೆಗಳು, ನಡುವೆ ನಿರ್ವಾತ ಇರುವುದು ಇನ್ನೊಂದು. ಇವು ಅಗಲ, ಸುಣ್ಣ ತಳಕ್ಕೆ ಉದುರಿದರೂ ಕೊಳವೆ ಬಿಚ್ಚಿ ತೊಳೆಯಬಹುದು. ಬೋರ್‌ವೆಲ್ ನೀರನ್ನೇ ನೇರ ಬಿಡುವ ಮನೆಗೆ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ತಾಮ್ರದ್ದೇ ಬೇಕೆಂದರೆ, ಒಳಗಿನ ನೀರು ಬೇರೆ, ಸ್ನಾನದ ನೀರು ಬೇರೆ ಇರುವಂತೆ ಶಾಖ ವಿನಿಮಯದ ಏರ್ಪಾಟು ಇರುವುದನ್ನು ಕೇಳಿ ತೆಗೆದುಕೊಳ್ಳಬೇಕು.

ತೋಟದ ಮನೆಯವರು ಇನ್ನೊಂದನ್ನು ನೋಡಬೇಕು, ಅದು ಮರದ ನೆರಳು. ನಮ್ಮ ಸೀಮೆ ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬಿಸಿನೀರು ಹೆಚ್ಚು ಬೇಕಾಗುವ ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 53 ಡಿಗ್ರಿಯಷ್ಟೇ ಮೇಲಿರುತ್ತಾನೆ. ತಿಪಟೂರು ಟಾಲ್ ತಳಿಯ 15 ಮೀಟರ್ ಎತ್ತರದ ತೆಂಗಿನ ಮರ ಆಗ ಉತ್ತರಕ್ಕೆ 11 ಮೀಟರಿಗೂ ಹೆಚ್ಚು ನೆರಳು ಚಾಚುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಇನ್ನೂ ಉದ್ದ. ಮನೆಯ ದಕ್ಷಿಣಕ್ಕೆ ಒತ್ತಾಗಿ ತೆಂಗು ಇದ್ದರೆ ಬೇಸಿಗೆಯಲ್ಲಿ ಕುದಿನೀರು ಕೊಟ್ಟ ಸೋಲಾರ್ ಚಳಿಗಾಲದಲ್ಲಿ ಉಗುರು ಬೆಚ್ಚಗಿನ ನೀರು ಕೊಡುತ್ತದೆ. ಒಣ ಗರಿ, ಕಾಯಿ ಬಿದ್ದು ಗಾಜು ಒಡೆಯುವುದು ಬೇರೆ. ಅಂಥ ಜಾಗದಲ್ಲಿ ಮನೆಯ ಮೇಲೆಯೇ ಕೂರಿಸಬೇಕೆಂಬ ಹಟ ಬೇಡ. ಕಣದ ಪಕ್ಕ, ಕೊಟ್ಟಿಗೆಯ ಮೇಲೆ ಬಿಸಿಲು ಬೀಳುವ ಕಡೆ ಇಟ್ಟು, ಕೊಳವೆಗೆ ಶಾಖನಿರೋಧಕ ಸುತ್ತಿ ತರಬಹುದು. ದೂರ ಮಾತ್ರ ಆದಷ್ಟು ಕಡಿಮೆ ಇರಲಿ, ಇಲ್ಲದಿದ್ದರೆ ಮೊದಲ ಕೊಡ ನೀರು ದಿನವೂ ತಣ್ಣಗೇ ಬರುತ್ತದೆ.

ನೆರಳು ಬಿಡದಿದ್ದರೆ? ಆಗ ಹಂಡೆ. ಇದನ್ನು ಹಿಂದುಳಿದವರ ಸಾಧನ ಎಂದು ತೆಗೆದುಹಾಕುವುದು ತಪ್ಪು. ಐದು ಜನಕ್ಕೆ ತಲಾ 20 ಲೀಟರ್, 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಬೇಕಾದ ಶಕ್ತಿ 8,400 ಕಿಲೋಜೂಲ್. ಕರೆಂಟಿನಲ್ಲಿ ದಿನಕ್ಕೆ ಎರಡೂಕಾಲು ಯೂನಿಟ್ ಮೀರುತ್ತದೆ, ತಿಂಗಳಿಗೆ 70 ಯೂನಿಟ್. ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದಿದ್ದರೂ ಒಂದೊಂದು ಮನೆಗೂ ಅದರ ಹಳೆಯ ಸರಾಸರಿಯ ಮೇಲೆ ಮಿತಿ ಇದೆ; ಹೊಸದಾಗಿ ಗೀಸರ್ ತಂದ ಮನೆ ಆ ಮಿತಿ ದಾಟುವುದು ಸುಲಭ. ಅದೇ ಶಕ್ತಿ ಅರ್ಧ ಕಿಲೋಗಿಂತ ಕಡಿಮೆ ತೆಂಗಿನ ಚಿಪ್ಪಿನಲ್ಲಿ ಅಡಗಿದೆ, ಏಕೆಂದರೆ ಒಣ ಚಿಪ್ಪು ಕಿಲೋಗೆ ಹತ್ತಿರ ಹತ್ತಿರ 20,000 ಕಿಲೋಜೂಲ್ ಕೊಡುತ್ತದೆ. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಆ ಕಾವಿನ ಹತ್ತರಲ್ಲಿ ಒಂದೋ ಒಂದೂವರೆಯೋ ಪಾಲು ಮಾತ್ರ ನೀರಿಗೆ ಸೇರುತ್ತದೆ. ಅರ್ಧ ಕಿಲೋ ಸಾಕಾಗುವ ಕಡೆ ಮೂರು ನಾಲ್ಕು ಕಿಲೋ ಉರಿಸುತ್ತೇವೆ. ಇದ್ದಿಲಿಗೆಂದು ಚಿಪ್ಪು ಕೊಳ್ಳುವವರು ಊರಿಗೇ ಬರುವ ಈ ಕಾಲದಲ್ಲಿ ಅದು ಪುಕ್ಕಟೆ ಉರುವಲಲ್ಲ.

ಕಾವಿನ ಈ ಸೋರಿಕೆ ತಡೆಯುವ ವಿದ್ಯೆ ನಮ್ಮ ಜಿಲ್ಲೆಯಲ್ಲೇ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ವಿಜ್ಞಾನ ಒಯ್ಯುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಇತ್ತು. ಆ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯ ಸೌದೆಯ ಲೆಕ್ಕ ತೆಗೆದಾಗ, ಅಡುಗೆ ಬಿಟ್ಟರೆ ಮನೆಯಲ್ಲಿ ಹೆಚ್ಚು ಸೌದೆ ತಿನ್ನುವುದು ಸ್ನಾನದ ನೀರೇ ಎಂಬುದು ಕಂಡಿತು. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ಅನೇಕರು ಬಲ್ಲರು. ಅದರ ಹಿಂದಿನ ತತ್ವ ಬಚ್ಚಲೊಲೆಗೂ ಹಾಗೇ ಹೊಂದುತ್ತದೆ. ಉರುವಲು ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ ಕೂರಬೇಕು, ಕೆಳಗಿನಿಂದ ಗಾಳಿ ಬರಬೇಕು. ಹಂಡೆಯ ಸುತ್ತ ಒಂದೆರಡು ಬೆರಳು ಸಂದು ಬಿಟ್ಟು ಗೋಡೆ ಕಟ್ಟಬೇಕು, ಬಿಸಿಗಾಳಿ ತಳ ಮುಟ್ಟಿ ಓಡಿಹೋಗದೆ ಪಕ್ಕವನ್ನೂ ಸವರಿಕೊಂಡು ಹೊಗೆಗೂಡಿಗೆ ಹೋಗಬೇಕು. ಒಲೆಬಾಯಿ ಚಿಕ್ಕದಾಗಿರಬೇಕು. ಹೊಗೆಗೂಡು ಉರುವಲನ್ನು ಉಳಿಸುವುದಷ್ಟೇ ಅಲ್ಲ, ಬೆಳಗಿನ ಜಾವ ಎದ್ದು ಒಲೆ ಹಚ್ಚುವ ಹೆಣ್ಣುಮಕ್ಕಳ ಕಣ್ಣು, ಎದೆಯನ್ನೂ ಉಳಿಸುತ್ತದೆ. ನಾನು ಇದನ್ನು ಮೊದಲನೆಯ ಕಾರಣ ಎಂದೇ ಎಣಿಸುತ್ತೇನೆ.

ಗೀಸರನ್ನೇ ನೆಚ್ಚಿದವರಿಗೆ ಹಳ್ಳಿಯ ಓಲ್ಟೇಜಿನ ಕಾಟ ಗೊತ್ತು. ಕಾಯಿಲ್ ಕೊಡುವ ಕಾವು ಓಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಓಲ್ಟಿಗೆ 2,000 ವ್ಯಾಟ್ ಕೊಡುವ ಕಾಯಿಲ್, 180 ಓಲ್ಟಿನಲ್ಲಿ 1,225 ವ್ಯಾಟಷ್ಟೇ ಕೊಡುತ್ತದೆ. ಇಪ್ಪತ್ತು ನಿಮಿಷಕ್ಕೆ ಕಾಯಬೇಕಾದ ನೀರಿಗೆ ಅರ್ಧ ಗಂಟೆ ಮೀರುತ್ತದೆ. ಗೀಸರ್ ಕೆಟ್ಟಿತೆಂದು ಬಿಚ್ಚಿಸುವ ಮುನ್ನ ಓಲ್ಟೇಜ್ ಅಳೆಸಿ. ನೀರಿಗಿಳಿಸುವ ರಾಡ್ ಬಳಸುವವರು ಮುಟ್ಟುವ ಮೊದಲು ಸ್ವಿಚ್ ಆರಿಸುವುದಲ್ಲ, ಪ್ಲಗ್ಗನ್ನೇ ಕೀಳಬೇಕು. ಬಚ್ಚಲಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಮೈಗೆ ಕರೆಂಟು ತಾಗಿದ ಕೂಡಲೇ ಲೈನು ಕಡಿಯುತ್ತದೆ. ಗ್ಯಾಸ್ ಗೀಸರ್ ಬಚ್ಚಲಿನೊಳಗೆ ಇರಲೇಕೂಡದು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅಂಟುತ್ತದೆ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿಯುವುದು ಹೀಗೆ. ಗ್ಯಾಸ್ ಗೀಸರನ್ನು ಹೊರಗೋಡೆಗೆ ತೂಗುಹಾಕಿ ಕೊಳವೆಯಲ್ಲಿ ನೀರು ಒಳಗೆ ತನ್ನಿ.

ನೀರು ಗಡಸು ಎಂದು ಗೊತ್ತಾದ ಮನೆಗೆ ಮಾರುವವರು ಬರುತ್ತಾರೆ. ಎರಡು ಲೋಟ ನೀರಿಗೆ ಕಬ್ಬಿಣದ ಸರಳುಗಳನ್ನಿಳಿಸಿ ಕರೆಂಟು ಕೊಡುತ್ತಾರೆ. ನಿಮ್ಮ ಬೋರ್ ನೀರು ಕಂದಾಗಿ ಕೊಳೆಯಂತೆ ಕಾಣುತ್ತದೆ, ಅವರ ಯಂತ್ರದ ನೀರು ತಿಳಿಯಾಗಿಯೇ ಇರುತ್ತದೆ. ಕಂದು ಬಂದದ್ದು ನೀರಿನ ಕೊಳೆಯಿಂದಲ್ಲ, ಆ ಕಬ್ಬಿಣದ ಸರಳೇ ಕರಗಿ ತುಕ್ಕಾದದ್ದರಿಂದ. ಲವಣವಿರುವ ನೀರು ಕರೆಂಟನ್ನು ಸಾಗಿಸುತ್ತದೆ, ಲವಣ ತೆಗೆದ ನೀರು ಅಷ್ಟಾಗಿ ಸಾಗಿಸುವುದಿಲ್ಲ. ಆ ಪ್ರಯೋಗ ತೋರಿಸುವುದು ಇಷ್ಟನ್ನೇ. ಕೊಳವೆಗೆ ಕಟ್ಟುವ ಅಯಸ್ಕಾಂತ ಗಡಸುತನವನ್ನು ತೆಗೆಯುವುದಿಲ್ಲ, ನೀರಿನ ಕ್ಯಾಲ್ಸಿಯಂ ಎಲ್ಲವೂ ನೀರಿನಲ್ಲೇ ಇರುತ್ತದೆ. ಕೂದಲು ಉದುರದಂತೆ ಶವರಿಗೆ ಸಿಕ್ಕಿಸುವ ಇದ್ದಿಲಿನ ಫಿಲ್ಟರಿನದೂ ಅದೇ ಕಥೆ. ಅದರೊಳಗಿನ ಇದ್ದಿಲು ಬಹಳ ಸಲ ತೆಂಗಿನ ಚಿಪ್ಪಿನದೇ. ಕ್ಲೋರಿನ್, ವಾಸನೆ ಹೀರುವುದರಲ್ಲಿ ಅದು ನಿಜಕ್ಕೂ ಗಟ್ಟಿ, ಆದರೆ ಸುಣ್ಣಕ್ಕೂ ಫ್ಲೋರೈಡಿಗೂ ಅದು ಉತ್ತರವಲ್ಲ. ಫ್ಲೋರೈಡಿನ ಮಾತು ಬಂದದ್ದರಿಂದ ಹೇಳಬೇಕು: ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟು ಸಾಂದ್ರವಾಗುತ್ತದೆ. ಅದರ ಅಪಾಯ ಇರುವುದು ಕುಡಿಯುವುದರಲ್ಲಿ, ಮೀಯುವುದರಲ್ಲಲ್ಲ.

ನಿಮ್ಮ ನೀರನ್ನು ತಿಳಿಯುವ ದಾರಿ ಸುಲಭ. ಒಂದು ಬಾಟಲಿಗೆ ಮಳೆನೀರು, ಇನ್ನೊಂದಕ್ಕೆ ಬೋರ್ ನೀರು ಅರ್ಧರ್ಧ ಹಾಕಿ, ಎರಡಕ್ಕೂ ಮೈಸೋಪನ್ನು ಒಂದೇ ಅಳತೆಯಲ್ಲಿ ತುರಿದು ಹಾಕಿ ಕುಲುಕಿ. ನೊರೆ ಬಾರದೆ ಮೊಸರಿನಂಥ ಗಸಿ ತೇಲಿದರೆ ನೀರು ಗಡಸು. ಅಂಕಿ ಬೇಕಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಜಲಜೀವನ್ ಮಿಷನ್ ಅಡಿ ನೀರು ಪರೀಕ್ಷೆಯ ಕಿಟ್ ಕೊಟ್ಟು, ಹಳ್ಳಿಗೆ ಐವರು ಮಹಿಳೆಯರಿಗೆ ಅದನ್ನು ಬಳಸಲು ಕಲಿಸುವ ಏರ್ಪಾಟಿದೆ.

ಗಡಸುತನವನ್ನು ನಿಜವಾಗಿ ತೆಗೆಯುವುದು ರಾಳದ ಸಣ್ಣ ಗುಂಡುಗಳಿರುವ ಸಾಫ್ಟನರ್. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ರಾಳ ತುಂಬಿದಾಗ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜುಗೊಳಿಸಬೇಕು. ಆದರೆ ನಮ್ಮಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಗೆ, ತೆಂಗಿನ ಬುಡಕ್ಕೆ ಹರಿಯುತ್ತದೆ. ತೆಂಗು ಉಪ್ಪನ್ನು ತಕ್ಕಮಟ್ಟಿಗೆ ತಡೆದೀತು, ಬಾಳೆ ತಡೆಯದು. ಸೋಡಿಯಂ ಸೇರುತ್ತಾ ಹೋದರೆ ಜೇಡಿ ಮಣ್ಣು ಬಿಗಿದುಕೊಂಡು ನೀರಿಳಿಯುವುದೇ ನಿಲ್ಲುತ್ತದೆ. ಆದ್ದರಿಂದ ಇಡೀ ಮನೆಗೆ ಸಾಫ್ಟನರ್ ಬೇಡ, ಗೀಸರ್ ಅಥವಾ ಸೋಲಾರಿಗೆ ಹೋಗುವ ಒಂದೇ ಲೈನಿಗೆ ಕೂರಿಸಿ. ರಾಳ ತೊಳೆದ ಉಪ್ಪುನೀರನ್ನು ಗಿಡದ ಪಾತಿಗೆ ಬಿಡದೆ, ಬಾವಿ, ಬೋರಿನಿಂದ ದೂರ ಒಂದು ಇಂಗುಗುಂಡಿ ತೋಡಿಸಿ ಅಲ್ಲಿಗೆ ಬಿಡಿ.