ಹುಡುಗಿಯರ ಪರ ಲೆಕ್ಕ ಹಾಕಿದ ಡಾ. ಖುರೈಷಾ ಅಬ್ದುಲ್ ಕರೀಂ

ದಕ್ಷಿಣ ಆಫ್ರಿಕದ ಡರ್ಬನ್ ನಗರದಿಂದ ಉತ್ತರಕ್ಕೆ ಹೋದರೆ ಟೊಂಗಾಟ್ ಎಂಬ ಊರು ಸಿಗುತ್ತದೆ. ಸುತ್ತಮುತ್ತ ಕಬ್ಬಿನ ಗದ್ದೆ. 1860ರಿಂದ ಈಚೆಗೆ ಕೂಲಿ ಕರಾರಿನ ಮೇಲೆ ಹಡಗು ಹತ್ತಿದ ಭಾರತೀಯರ, ಅವರ ಹಿಂದೆಯೇ ವ್ಯಾಪಾರಕ್ಕೆ ಹೋದವರ ಮಕ್ಕಳು ಮೊಮ್ಮಕ್ಕಳು ನೆಲೆನಿಂತ ಸೀಮೆ ಅದು. ಖುರೈಷಾ ಅಬ್ದುಲ್ ಕರೀಂ ಹುಟ್ಟಿದ್ದು ಅಲ್ಲಿ, 1960ರಲ್ಲಿ.

ಇವರು ನಾಡಿ ಹಿಡಿದು ಮದ್ದು ಬರೆಯುವ ಡಾಕ್ಟರಲ್ಲ. ಒಂದು ಕಾಯಿಲೆ ಊರಲ್ಲಿ ಯಾರಿಗೆ ಬರುತ್ತದೆ, ಯಾವ ವಯಸ್ಸಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು ಲೆಕ್ಕ ಹಾಕುವ ಸಾಂಕ್ರಾಮಿಕ ರೋಗ ತಜ್ಞೆ. 80ರ ದಶಕದ ಕೊನೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಏಡ್ಸ್ ಆ ನಗರವನ್ನು ಹೇಗೆ ತಿನ್ನುತ್ತಿದೆ ಎಂದು ಕಣ್ಣಾರೆ ಕಂಡರು. ಪತಿ ಡಾ. ಸಲೀಂ ಅಬ್ದುಲ್ ಕರೀಂ ಅವರೂ ಇದೇ ವಿಷಯದ ಸಂಶೋಧಕರು. ಇಬ್ಬರೂ ಊರಿಗೆ ಮರಳಿದರು.

1990ರಲ್ಲಿ ಹಳ್ಳಿಗಳಲ್ಲಿ ರಕ್ತ ಪರೀಕ್ಷೆಯ ಸಮೀಕ್ಷೆ ನಡೆಯಿತು. 1992ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ಎಚ್ಐವಿ ಇದ್ದವರು ನೂರಕ್ಕೆ ಒಬ್ಬರ ಆಸುಪಾಸು ಅಷ್ಟೇ. 'ಅಷ್ಟೇನಾ' ಅಂತ ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಆದರೆ ಖುರೈಷಾ ವಯಸ್ಸನ್ನು ಬೇರೆ ಬೇರೆ ಮಾಡಿ ನೋಡಿದರು. ಹದಿನೈದು ಹತ್ತೊಂಬತ್ತರ ಹುಡುಗಿಯರಲ್ಲಿ ಸೋಂಕಿತ್ತು, ಅದೇ ವಯಸ್ಸಿನ ಹುಡುಗರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಹುಡುಗಿಯರಿಗೆ ಇದು ಎಲ್ಲಿಂದ ಬಂತು?

ವಯಸ್ಸಾದ ಗಂಡಸರಿಂದ. ಕಾಲು ಶತಮಾನದ ನಂತರ, 2017ರಲ್ಲಿ, ಸೋಂಕಿತರ ರಕ್ತದಲ್ಲಿನ ವೈರಸ್ಸಿನ ವಂಶವೃಕ್ಷವನ್ನೇ ಹೋಲಿಸಿ ನೋಡಿದ ಪ್ರಬಂಧ 'ಲ್ಯಾನ್ಸೆಟ್ ಎಚ್ಐವಿ' ಪತ್ರಿಕೆಯಲ್ಲಿ ಬಂತು. ಖುರೈಷಾ ಅದರ ಲೇಖಕರಲ್ಲಿ ಒಬ್ಬರು. ಹುಡುಗಿಯರಿಗೆ ಸೋಂಕು ದಾಟಿಸಿದ ಗಂಡಸರು ಅವರಿಗಿಂತ ಸರಾಸರಿ 8.7 ವರ್ಷ ದೊಡ್ಡವರು ಎಂದು ಅದು ತೋರಿಸಿತು.

ಈ ಲೆಕ್ಕ ಯಾಕೆ ಮುಖ್ಯ ಅಂದರೆ, ಆಗ ಎಲ್ಲ ಕಡೆ ಸಿಗುತ್ತಿದ್ದ ಸಲಹೆ ಮೂರೇ: ಸಂಯಮ, ನಿಷ್ಠೆ, ಕಾಂಡೋಮ್. ಹೆಣ್ಣು ನಿಷ್ಠೆಯಿಂದಲೇ ಇರಬಹುದು, ಗಂಡಸು ಇರದಿದ್ದರೆ? ಕಾಂಡೋಮ್ ಹಾಕುವುದು ಬಿಡುವುದು ಅವನ ಇಷ್ಟ. ಬಡ ಹುಡುಗಿ ಎಂಟೊಂಬತ್ತು ವರ್ಷ ದೊಡ್ಡವನಿಗೆ ಎದುರು ಮಾತಾಡುವುದುಂಟೇ? ಅವಳ ಕೈಯಲ್ಲೇ ಇರುವ ರಕ್ಷಣೆ ಏನಾದರೂ ಬೇಕು ಎಂದು ಖುರೈಷಾ ಹಟ ಹಿಡಿದರು.

ಹದಿನೆಂಟು ವರ್ಷದ ಹುಡುಕಾಟ. ಒಂದಾದ ಮೇಲೊಂದು ಪ್ರಯೋಗ ಸೋತಿತು. ಕೊನೆಗೆ ಎಚ್ಐವಿ ಔಷಧ ಟೆನೊಫೊವಿರ್ ಸೇರಿಸಿದ, ಹೆಣ್ಣುಮಕ್ಕಳು ತಾವೇ ಹಚ್ಚಿಕೊಳ್ಳುವ ಜೆಲ್ ಅನ್ನು 889 ಮಹಿಳೆಯರಲ್ಲಿ ಪರೀಕ್ಷಿಸಿದರು. ಸೋಂಕು ಶೇ. 39ರಷ್ಟು ಕಡಿಮೆಯಾಯಿತು. 2010ರ ಜುಲೈಯಲ್ಲಿ ವಿಯೆನ್ನಾದ ಏಡ್ಸ್ ಸಮ್ಮೇಳನದಲ್ಲಿ ಇದನ್ನು ಓದಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪ್ರಬಂಧ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದೆ ಬೇರೆಯವರು ನಡೆಸಿದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಜೆಲ್ ಫಲ ಕೊಡಲಿಲ್ಲ. ಬಹಳ ಮಂದಿ ಹೇಳಿದ ಹಾಗೆ ಬಳಸಿರಲೇ ಇಲ್ಲ. ತಂದೆ ತಾಯಿ, ಒಡಹುಟ್ಟಿದವರ ಜೊತೆ ಪುಟ್ಟ ಮನೆಯಲ್ಲಿರುವ ಹುಡುಗಿ ಅದನ್ನು ಎಲ್ಲಿ ಅಡಗಿಸಿಡಬೇಕು? ಜೆಲ್ ಅಂಗಡಿಗೆ ಬರಲಿಲ್ಲ. ಆದರೆ ಸೋಂಕು ಬರುವ ಮೊದಲೇ ಔಷಧ ಕೊಟ್ಟರೆ ಹೆಣ್ಣನ್ನು ಕಾಪಾಡಬಹುದು ಎಂಬ ಮಾತು ನಿಂತಿತು. ಅದೇ ಟೆನೊಫೊವಿರ್ ಇರುವ ಮಾತ್ರೆಯನ್ನು ಅಪಾಯ ಹೆಚ್ಚಿರುವ ಎಲ್ಲರಿಗೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು.

ದಂಪತಿಯ ಇನ್ನೊಂದು ಕೆಲಸವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ನನ್ನ ಪ್ರಕಾರ ಅದು ಇನ್ನೂ ದೊಡ್ಡದು. ಎಚ್ಐವಿಯ ಜೊತೆ ಟಿಬಿಯೂ ಇದ್ದರೆ ಡಾಕ್ಟರರು ಮೊದಲು ಟಿಬಿ ಮದ್ದು ಪೂರ್ತಿ ಮುಗಿಸಿ, ಆಮೇಲೆ ಎಚ್ಐವಿ ಮದ್ದು ಕೊಡುವುದಿತ್ತು. ಕಾಯುವಷ್ಟರಲ್ಲಿ ರೋಗಿ ಹೋಗಿಬಿಡುತ್ತಿದ್ದ. ಸಲೀಂ ಮುಂದಾಳುತನದ, 642 ರೋಗಿಗಳ ಪರೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟಾಗ ಸಾವು ಶೇ. 56ರಷ್ಟು ಕಡಿಮೆಯಾಯಿತು. 2010ರಲ್ಲಿ ಪ್ರಬಂಧ ಬಂದ ಮೇಲೆ ಚಿಕಿತ್ಸೆಯ ಪದ್ಧತಿಯೇ ಬದಲಾಯಿತು. ಟಿಬಿ ಎಂದರೆ ಇವತ್ತಿಗೂ ಮದುವೆ ಮಾತುಕತೆಯಲ್ಲಿ ಮುಚ್ಚಿಡುವ ನಮ್ಮ ಕಡೆಯವರು ಇದನ್ನು ತಿಳಿದಿರಬೇಕು.

2024ರಲ್ಲಿ ಇಬ್ಬರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ಅದೇ ವರ್ಷ, ದಕ್ಷಿಣ ಆಫ್ರಿಕ ಮತ್ತು ಉಗಾಂಡಾದ ಯುವತಿಯರಲ್ಲಿ ಪರೀಕ್ಷಿಸಿದ ಲೆನಕಾಪವಿರ್ ಎಂಬ ಇಂಜೆಕ್ಷನಿನ ಫಲಿತಾಂಶವೂ ಬಂತು. ಚುಚ್ಚಿಸಿಕೊಂಡ 2,134 ಮಂದಿಯಲ್ಲಿ ಒಬ್ಬಳಿಗೂ ಎಚ್ಐವಿ ತಗಲಲಿಲ್ಲ. ಆರು ತಿಂಗಳಿಗೊಮ್ಮೆ ಒಂದು ಚುಚ್ಚುಮದ್ದು, ಮನೆಯಲ್ಲಿ ಅಡಗಿಸಿಡಲು ಏನೂ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಇದರ ಅಗ್ಗದ ರೂಪ ತಯಾರಿಸಲು ಪರವಾನಗಿ ಪಡೆದವರಲ್ಲಿ ಹೈದರಾಬಾದಿನ ಕಂಪೆನಿಗಳೂ ಇವೆ.