ಕಾವಲಿಯ ಬಿಸಿ, ಕಾರ್ಖಾನೆಯ ಲೆಕ್ಕ

ಮುಂಬಯಿಯ ಉಡುಪಿ ಹೋಟೆಲಿನ ದೋಸೆ ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎಂಬ ಸದ್ದಿನಿಂದಲೇ ಉರಿ ಏರಿಸಬೇಕೋ ಇಳಿಸಬೇಕೋ ಎಂದು ನಿರ್ಧರಿಸುತ್ತಾರೆ. ಥಾಣೆ-ಬೇಲಾಪುರ, ಪಿಂಪ್ರಿ-ಚಿಂಚ್ವಡದ ಕಾರ್ಖಾನೆಗಳಲ್ಲಿ ಇದೇ ಕೆಲಸವನ್ನು ಪಿಐಡಿ ಕಂಟ್ರೋಲರ್ ಮಾಡುತ್ತದೆ. ಅಲ್ಲಿ ದುಡಿಯುವ ನಮ್ಮ ಐಟಿಐ, ಡಿಪ್ಲೊಮಾ ಯುವಕರಿಗೆ ಇದು ನಿತ್ಯದ ಒಡನಾಡಿ.

'ಪಿ' ಅಂದರೆ ಪ್ರೊಪೋರ್ಷನಲ್. ಬೇಕಾದ ಬಿಸಿಗೂ ಈಗಿರುವ ಬಿಸಿಗೂ ಎಷ್ಟು ಅಂತರವೋ ಅಷ್ಟಕ್ಕೆ ತಕ್ಕ ಉರಿ. ಇದೊಂದೇ ಇದ್ದರೆ ಸಾಮಾನ್ಯವಾಗಿ ಸ್ವಲ್ಪ ಕೊರತೆ ಉಳಿದುಬಿಡುತ್ತದೆ. 'ಐ' ಅಂದರೆ ಇಂಟಿಗ್ರಲ್. ಅದು ಆ ಕೊರತೆಯನ್ನು ಬಾಕಿಯಂತೆ ಕೂಡುತ್ತಾ ಹೋಗಿ ಚುಕ್ತಾ ಮಾಡುತ್ತದೆ. 'ಡಿ' ಅಂದರೆ ಡೆರಿವೇಟಿವ್. ಬಿಸಿ ಏರುವ ವೇಗ ನೋಡಿ ಮುಂಚಿತವಾಗಿಯೇ ಲಗಾಮು ಹಾಕುತ್ತದೆ. ಈ ಮೂರರ ಪ್ರಮಾಣವನ್ನು ಹದವಾಗಿ ಹೊಂದಿಸುವುದೇ ಟ್ಯೂನಿಂಗ್.

ರಷ್ಯಾ ಮೂಲದ ಎಂಜಿನಿಯರ್ ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಹಡಗಿನ ಸ್ವಯಂಚಾಲಿತ ಚುಕ್ಕಾಣಿಗಾಗಿ ಈ ಮೂರು ಅಂಗಗಳ ಗಣಿತವನ್ನು ಮುಂದಿಟ್ಟರು. 1942ರಲ್ಲಿ ಅಮೆರಿಕದ ಝೀಗ್ಲರ್ ಮತ್ತು ನಿಕೋಲ್ಸ್ ಎಂಬಿಬ್ಬರು ಅದನ್ನು ಹೊಂದಿಸುವ ಸುಲಭ ಸೂತ್ರ ಕೊಟ್ಟರು. ಮೊದಲು 'ಐ', 'ಡಿ' ಎರಡನ್ನೂ ನಿಲ್ಲಿಸಿ, ಬಿಸಿ ಒಂದೇ ಸಮನೆ ಏರಿಳಿಯುವವರೆಗೆ 'ಪಿ'ಯ ಗೈನ್ ಹೆಚ್ಚಿಸಬೇಕು. ಆಗ ಗೈನ್ 10, ಒಂದು ಏರಿಳಿತಕ್ಕೆ 80 ಸೆಕೆಂಡು ಎಂದಿಟ್ಟುಕೊಳ್ಳೋಣ. ಗೈನಿನ 0.6 ಪಾಲು, ಅಂದರೆ 6 ಇಡಬೇಕು. ಇಂಟಿಗ್ರಲ್ ಸಮಯ 80ರ ಅರ್ಧ, 40 ಸೆಕೆಂಡು. ಡೆರಿವೇಟಿವ್ ಸಮಯ ಎಂಟನೇ ಒಂದು ಪಾಲು, 10 ಸೆಕೆಂಡು. ರಾತ್ರಿಶಾಲೆಯಲ್ಲಿ ಕಲಿತವರಿಗೂ ಕೈಗೆಟಕುವ ಲೆಕ್ಕವಿದು!

ಆದರೆ ಎಚ್ಚರಿಕೆ ಅಗತ್ಯ. ಈ ಸೂತ್ರದಲ್ಲಿ ಪ್ರತಿ ಏರಿಳಿತ ಹಿಂದಿನದರ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆಯೇ ಹೊರತು ಒಮ್ಮೆಲೇ ನಿಲ್ಲುವುದಿಲ್ಲ. ಅದಕ್ಕೆಂದೇ ಅನುಭವಸ್ಥರು ಗೈನನ್ನು ಇನ್ನಷ್ಟು ತಗ್ಗಿಸುತ್ತಾರೆ. ಬಿಸಿ ಮಿತಿ ಮೀರಿದರೆ ಅಪಾಯವಿರುವ ರಾಸಾಯನಿಕ ಪಾತ್ರೆಯಲ್ಲಂತೂ ಬೇಕೆಂದೇ ತೂಗಾಡಿಸಿ ನೋಡುವುದು ಸಲ್ಲದು. ಅಲ್ಲಿ ಉರಿಯನ್ನು ಸ್ವಲ್ಪವೇ ಬದಲಿಸಿ, ಬಿಸಿ ಎಷ್ಟು ತಡವಾಗಿ, ಎಷ್ಟು ಏರುತ್ತದೆಂದು ಗುರುತಿಸಿ ಲೆಕ್ಕ ಹಾಕುವ ದಾರಿಯಿದೆ.

ಇನ್ನೊಂದು ಮಾತು. ಲೂಪ್ ತೂಗಾಡಿದಾಗಲೆಲ್ಲ ಟ್ಯೂನಿಂಗ್ ತಪ್ಪಿತೆಂದು ಪಾಳಿಯ ಹುಡುಗನನ್ನು ಗದರುವುದುಂಟು. ಹೆದರಿದ ಹುಡುಗ ಕಂಟ್ರೋಲರನ್ನು ಮ್ಯಾನುವಲ್‌ಗೆ ಹಾಕಿ ರಾತ್ರಿಯಿಡೀ ಕಣ್ಣಿಟ್ಟು ಕೂರುತ್ತಾನೆ. ಒಂದು ಕ್ಷಣ ಜೊಂಪು ಹತ್ತಿದರೂ ಸಾಕು, ಮಾಲು ಕೆಡುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತು. ಆದರೆ ತಪ್ಪು ಅಂಟಿಕೊಂಡು ಸರಿಯಾಗಿ ಚಲಿಸದ ವಾಲ್ವಿನದ್ದೂ ಇರಬಹುದು. ಅದನ್ನು ಯಾವ ಟ್ಯೂನಿಂಗೂ ಗುಣಪಡಿಸದು. ವಾಲ್ವ್, ಸೆನ್ಸರ್ ನೋಡಿದ ಬಳಿಕವೇ ಅಂಕಿಗಳಿಗೆ ಕೈ ಹಾಕಬೇಕು.

ಪ್ರತಿವರ್ಷ ಪ್ರತಿಭಾವಂತ ಮಕ್ಕಳನ್ನು ಸನ್ಮಾನಿಸುವ ನಮ್ಮ ಕನ್ನಡ ಸಂಘಗಳು, ನಿವೃತ್ತ ಇನ್‌ಸ್ಟ್ರುಮೆಂಟ್ ತಂತ್ರಜ್ಞರನ್ನು ಕರೆಸಿ ಒಂದು ಭಾನುವಾರ ಸಂಜೆ ಇಂತಹ ವಿಷಯವನ್ನು ಕನ್ನಡದಲ್ಲೇ ಹೇಳಿಸಿದರೆ, ಪಾಳಿಯಲ್ಲಿ ದುಡಿಯುವ ಯುವಕರಿಗೆ ಅದು ಶಾಲಿಗಿಂತ ಹೆಚ್ಚಿನ ಸನ್ಮಾನವಾದೀತು.