ಉಪ್ಪು, ಸಕ್ಕರೆ ಮತ್ತು ಕರುಳಿನ ಬಾಗಿಲು



ಕಳೆದ ಮಳೆಗಾಲದಲ್ಲಿ ಮೂರು ವರ್ಷದ ನನ್ನ ತಮ್ಮನಿಗೆ ವಾಂತಿ-ಭೇದಿ ಶುರುವಾಯಿತು. ಸಂಜೆ ಹೊತ್ತಿಗೆ ಕಣ್ಣು ಗುಳಿ ಬಿದ್ದವು, ನಾಲಿಗೆ ಒಣಗಿತು, ಅತ್ತರೂ ಕಣ್ಣೀರಿಲ್ಲ. ನಾನು ನೀರು ಕುಡಿಸಲು ಹೋದರೆ ಅಜ್ಜಿ, "ಬ್ಯಾಡ ಕಣೋ, ನೀರು ಕೊಟ್ರೆ ಇನ್ನೂ ಜಾಸ್ತಿ ಆಗ್ತದೆ" ಅಂತ ಲೋಟ ಕಿತ್ತುಕೊಂಡರು. ಅಷ್ಟರಲ್ಲಿ ಆಶಾ ಅಕ್ಕ ಬಂದು ಓ.ಆರ್.ಎಸ್. ಪೊಟ್ಟಣವನ್ನು ನೀರಿಗೆ ಕಲಸಿ, ಚಮಚ ಚಮಚವಾಗಿ ಕುಡಿಸಿದರು. ಬೆಳಗಾಗುವಷ್ಟರಲ್ಲಿ ತಮ್ಮ "ಅವ್ವಾ, ಹಸಿವು" ಅಂದ. ಉಪ್ಪು-ಸಕ್ಕರೆಯ ನೀರು ಇಷ್ಟು ಕೆಲಸ ಮಾಡಿದ್ದು ಹೇಗೆ? ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ತಿಳಿಸಿದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಮೈಯೆಲ್ಲ ಜೀವಕೋಶಗಳಿಂದ ಆಗಿದೆ. 1665ರಲ್ಲಿ ರಾಬರ್ಟ್ ಹುಕ್ ಎಂಬುವರು ಕಾರ್ಕಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ ಪುಟ್ಟ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟರು. ಅವು ಸತ್ತ ಕೋಶಗಳ ಖಾಲಿ ಗೋಡೆಗಳು. ಜೀವಂತ ಕೋಶ ಖಾಲಿಯಲ್ಲ. ಅದರ ತೂಕದಲ್ಲಿ ಸುಮಾರು ಶೇ. 70 ನೀರು. ಉಳಿದದ್ದು ಪ್ರೋಟೀನ್, ಕೊಬ್ಬು, ಸಕ್ಕರೆ, ಲವಣ, ಡಿ.ಎನ್.ಎ. ಮುಂತಾದ ಅಣುಗಳು.

ಕೋಶದ ಸುತ್ತ ಕೋಶಪೊರೆ ಇದೆ. ಅದು ಎರಡು ಪದರ ಕೊಬ್ಬಿನ ಅಣುಗಳಿಂದ ಆದದ್ದು. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲವಲ್ಲ? ಹಾಗೆಯೇ ನೀರಿನಲ್ಲಿ ಕರಗಿದ ಉಪ್ಪು, ಸಕ್ಕರೆ ಈ ಕೊಬ್ಬನ್ನು ಸುಲಭವಾಗಿ ದಾಟಲಾರವು. ಅವಕ್ಕೆ ಬಾಗಿಲು ಬೇಕು. ಪೊರೆಯಲ್ಲಿ ಅಲ್ಲಲ್ಲಿ ಕೂತ ಪ್ರೋಟೀನ್‌ಗಳೇ ಆ ಬಾಗಿಲು.

ಕರುಳಿನ ಒಳಗೋಡೆಯ ಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ ಎರಡು, ಗ್ಲೂಕೋಸ್ ಒಂದು, ಇವು ಜೊತೆಯಾಗಿ ಬಂದರೆ ಒಳಗೆ ಬಿಡುತ್ತದೆ. ಅವು ಒಳಗೆ ಹೋದರೆ ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ರೋಗಾಣುವಿನ ವಿಷ ಕರುಳಿನ ಕೋಶಗಳಿಂದ ಲವಣ, ನೀರು ಹೊರಗೆ ಸುರಿಯುವಂತೆ ಮಾಡುತ್ತದೆ. ಆದರೆ ಈ ಜೋಡಿ ಬಾಗಿಲನ್ನು ಕೆಡಿಸುವುದಿಲ್ಲ! ಓ.ಆರ್.ಎಸ್. ಕೆಲಸ ಮಾಡುವುದು ಇದೇ ಬಾಗಿಲಿನಿಂದ.

ಸೋಡಿಯಂ, ಗ್ಲೂಕೋಸ್ ಜೊತೆಯಾಗಿ ಹೋಗುತ್ತವೆಂದು 1960ರಲ್ಲಿ ರಾಬರ್ಟ್ ಕ್ರೇನ್ ಹೇಳಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಬಂತು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲಲಿಲ್ಲ. ಆಗ ಡಾ. ದಿಲೀಪ್ ಮಹಲನಾಬಿಸ್ ಅವರು ಈ ದ್ರಾವಣವನ್ನು ಡ್ರಮ್ಮುಗಳಲ್ಲಿ ಇಟ್ಟು, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗೆ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಹಾಗಾದರೆ ಉಪ್ಪು ಜಾಸ್ತಿ ಹಾಕಿದರೆ ಇನ್ನೂ ಒಳ್ಳೇದಾ? ಇಲ್ಲ! ಕೆಂಪು ಈರುಳ್ಳಿಯ ನೇರಳೆ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಗಟ್ಟಿ ಉಪ್ಪುನೀರಿನ ಹನಿ ಹಾಕಿ ನೋಡಿದೆವು. ಕೋಶದೊಳಗಿನ ನೀರು ಹೊರಗೆ ಬಂದು, ನೇರಳೆ ಭಾಗ ಗೋಡೆ ಬಿಟ್ಟು ಮುದುಡಿಕೊಂಡಿತು. ಅಳತೆ ತಪ್ಪಿದರೆ ನಮ್ಮ ಕೋಶಗಳಿಂದಲೂ ಹೀಗೇ ನೀರು ಹೊರಗೆ ಬರುತ್ತದೆ. ಸಕ್ಕರೆ ಅತಿಯಾದರೂ ಭೇದಿ ಹೆಚ್ಚುತ್ತದೆ.

ನೆನಪಿಡಿ: ಓ.ಆರ್.ಎಸ್. ಪೊಟ್ಟಣವೇ ಉತ್ತಮ, ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು. ಮನೆಯ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಕೊಡುತ್ತದೆ. ಊಟ, ಎದೆಹಾಲು ನಿಲ್ಲಿಸಬಾರದು. ಮಗು ಮಂಕಾದರೆ, ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಈಗ ನಮ್ಮಜ್ಜಿ ಗೂಡಿನಲ್ಲಿ ಎರಡು ಪೊಟ್ಟಣ ಇಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಇದೆಯಾ? ಇವತ್ತೇ ಹೋಗಿ ನೋಡಿ.

— ಒಂಬತ್ತನೇ ತರಗತಿಯ ವಿದ್ಯಾರ್ಥಿ